ಎರಡು ಮನೆ ಕೆಳಗೆ

ಬಸ್ ಕಂಡಕ್ಟರಿಗೆ ಗಂಟಲೇ ಬಂಡವಾಳ. ನಮ್ಮ ಕಂಡಕ್ಟರಮ್ಮ ಹದಿನಾರು ವರ್ಷದಿಂದ ಆ ಬಂಡವಾಳವನ್ನು ಎರಡು ಕಡೆ ಹೂಡಿದ್ದಳು. ವಾರದ ಆರು ದಿನ ಸ್ಟಾಪಿನ ಹೆಸರು ಕೂಗುವುದಕ್ಕೆ, ಏಳನೆಯ ದಿನ ಬ್ಯಾಂಡಿನಲ್ಲಿ ಹಾಡುವುದಕ್ಕೆ. ಬ್ಯಾಂಡ್ ಎಂದರೆ ದೊಡ್ಡದೇನೂ ಅಲ್ಲ. ಕ್ಷೌರದಂಗಡಿಯವನ ಕ್ಲಾರಿನೆಟ್, ಅಂಚೆ ಗುಮಾಸ್ತರ ಕೀಬೋರ್ಡ್, ಟೈಲರನ ಡ್ರಮ್, ಇವಳ ಕಂಠ. ಹಾಡುಗಳು ಒಟ್ಟು ಹದಿಮೂರು. ಕೇಳುವವರಿಗೂ ಬಾಯಿಪಾಠವಾಗಿದ್ದವು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಗಂಟಲಲ್ಲೊಂದು ಗಂಟು ಕಾಣಿಸಿಕೊಂಡಿತು. ಡಾಕ್ಟರು ತೆಗೆದುಹಾಕಿದರು, ಹೆದರುವಂಥದ್ದೇನಲ್ಲ ಎಂದರು, ಆದರೆ ನಲವತ್ತು ದಿನ ತುಟಿಪಿಟಕ್ಕೆನ್ನಬಾರದು ಎಂದರು. ಮಗನ ಮದುವೆಯಾದಂದಿನಿಂದ ಈ ಮನೆಯಲ್ಲಿ ತಾನು ಒಂದು ಮಾತನ್ನು ಪೂರ್ತಿ ಮುಗಿಸುತ್ತಿರುವುದು ಇದೇ ಮೊದಲು ಎಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು. ಹಾಗೆ ಹೇಳುತ್ತಲೇ ದಿನಕ್ಕೆ ಆರು ಸಲ ನೀರು ಕಾಯಿಸಿ ಕೊಟ್ಟರು.

ಮಾತು ಮರಳಿತು. ಕಂಡಕ್ಟರಮ್ಮ ಕೆಲಸಕ್ಕೂ ಹೋದಳು, ಕೂಗುವ ಕಡೆಯೆಲ್ಲ ಸೀಟಿ ಊದಿ ಸುಧಾರಿಸಿದಳು. ಒಂದು ಮಧ್ಯಾಹ್ನ ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಚಹಾಕ್ಕೆಂದು ಇಳಿದಾಗ, ಖಾಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ತಮ್ಮ ಬ್ಯಾಂಡಿನ ಮೊದಲ ಹಾಡನ್ನು ಎತ್ತಿಕೊಂಡಳು. ತುದಿಯ ಸ್ವರ ಹತ್ತಲಿಲ್ಲ. ಮೂರು ಸಲ ಏರಿ ನೋಡಿದಳು, ಮೂರು ಸಲವೂ ಕಂಠ ಹಳೆ ಬಟ್ಟೆಯ ಹಾಗೆ ಪರ್ರೆಂದಿತು. ಯಾರಿಗೂ ಹೇಳಲಿಲ್ಲ, ಡಾಕ್ಟರ ನೆಪ ಹೇಳಿ ಬ್ಯಾಂಡಿನ ಅಭ್ಯಾಸಕ್ಕೂ ಹೋಗಲಿಲ್ಲ. ಚಳಿಗಾಲದ ಕಾರ್ಯಕ್ರಮ ಒಪ್ಪಿಯಾಗಿತ್ತು. ಅಂದು ಆ ಸ್ವರ ಹತ್ತಿದರೆ ಸರಿ, ಕೈಕೊಟ್ಟರೆ ಅಲ್ಲೇ ಕೈಮುಗಿದು ಬ್ಯಾಂಡ್ ಬಿಟ್ಟುಬಿಡುವುದು ಎಂದು ತೀರ್ಮಾನಿಸಿದಳು. ತನ್ನ ದೆಸೆಯಿಂದ ಆ ಮೂವರು ನಗೆಪಾಟಲಾಗುವುದು ಅವಳಿಗೆ ಬೇಡವಾಗಿತ್ತು.

ಕಾರ್ಯಕ್ರಮ ಇದ್ದದ್ದು ಉದ್ಯಾನದ ಬಯಲು ವೇದಿಕೆಯಲ್ಲಿ, ಭಾನುವಾರ ಬೆಳಿಗ್ಗೆ ಏಳೂವರೆಗೆ. ಯಾವ ಪುಣ್ಯಾತ್ಮ ಆ ಹೊತ್ತನ್ನು ಗೊತ್ತುಮಾಡಿದನೋ ಕಾಣೆ, ಕುರ್ಚಿಗಳ ಮೇಲೆ ಜನಕ್ಕಿಂತ ಮಂಜಿನ ಹನಿಯೇ ಹೆಚ್ಚಿತ್ತು. ಟೈಲರ್ ಉಣ್ಣೆಯ ಕೈಗವಸಿನ ಬೆರಳು ಕತ್ತರಿಸಿ ಎಲ್ಲರಿಗೂ ಹಂಚಿದ. ಚಳಿಗೆ ಕ್ಲಾರಿನೆಟ್ಟಿನ ಶ್ರುತಿ ಇಳಿಯುತ್ತದೆಂದು ಕ್ಷೌರದವನು ಅದನ್ನು ಸ್ವೆಟರಿನೊಳಗೆ ಅವುಚಿಕೊಂಡು ನಿಂತಿದ್ದ. ನಡಿಗೆಗೆ ಬಂದವರು ನಲವತ್ತು ಮಂದಿ ಕೂತರು. ಐದು ಹಾಡು ಹಾಡಬೇಕಿತ್ತು.

ಮೊದಲ ಹಾಡಿಗೆ ಗುಮಾಸ್ತರು ಶ್ರುತಿ ಕೊಟ್ಟರು. ಪಲ್ಲವಿ ದಾಟಿತು. ಕಂಡಕ್ಟರಮ್ಮ ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ತುದಿಗೆ ಏರಿದಳು. ನೀರು ಕುಡಿದಷ್ಟು ಸಲೀಸಾಗಿ ಸ್ವರ ಹತ್ತಿತು. ಹೋದ ಗಂಟಲು ವಾಪಸು ಬಂತೆಂದು ಅವಳ ಎದೆ ಹಿಗ್ಗಿತು.

ಆಮೇಲೆ ಕ್ಲಾರಿನೆಟ್ಟಿನ ಸರದಿ. ನಾಲ್ಕು ಸ್ವರ ಸರಿಯಾಗಿ ನುಡಿದವು. ಐದನೆಯದು ಕೀಬೋರ್ಡಿಗೆ ಡಿಕ್ಕಿ ಹೊಡೆದು ಕಿರ್ರೆಂದಿತು. ಹಿಂದೆಯೇ ಅದೇ ಜಾತಿಯ ಇನ್ನೆರಡು. ಆಮೇಲೆ ಅವನು ಬೆರಳು ಸರಿಪಡಿಸಿಕೊಂಡು ಹಾದಿಗೆ ಬಂದ. ಕೂತವರು ಚಳಿಯ ಲೆಕ್ಕಕ್ಕೆ ಹಾಕಿ ಸುಮ್ಮನಾದರು. ಕಂಡಕ್ಟರಮ್ಮನಿಗೆ ಮಾತ್ರ ಗೊತ್ತಾಯಿತು. ಆ ಮೂರು ಸ್ವರ ತಪ್ಪಲ್ಲ, ಅವು ಹಳೆಯ ಎತ್ತರದವು. ಅವಳ ಶ್ರುತಿ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಇವತ್ತು ಇಡೀ ಬ್ಯಾಂಡು ಕಪ್ಪು ಮೂರರಲ್ಲಿ, ಎರಡು ಮನೆ ಕೆಳಗೆ ನುಡಿಸುತ್ತಿತ್ತು.

ಗುಮಾಸ್ತರದು ಸುಲಭ, ಒಂದು ಗುಂಡಿ ಒತ್ತಿದರೆ ಶ್ರುತಿ ಇಳಿಯುತ್ತದೆ. ಕ್ಲಾರಿನೆಟ್ಟಿಗೆ ಅಂಥ ಗುಂಡಿ ಇಲ್ಲ. ಒಂದೊಂದು ಸ್ವರಕ್ಕೂ ಬೆರಳು ಬೇರೆ ಬೀಳಬೇಕು. ಹದಿನಾರು ವರ್ಷ ನಿದ್ದೆಗಣ್ಣಲ್ಲೂ ನುಡಿಸಿದ ಹಾಡನ್ನು ಮರೆತು ಮೊದಲಿಂದ ಕಲಿಯಬೇಕು. ಹಾಗಾದರೆ ಗಂಟಲು ಮರಳಿರಲಿಲ್ಲ. ಒಂದು ಗಳಿಗೆ ಅವಳಿಗೆ ಕಸಿವಿಸಿಯಾಯಿತು, ಮರುಗಳಿಗೆ ಕಣ್ಣು ತುಂಬಿತು. ಅತ್ತರೆ ಗಂಟಲು ಕಟ್ಟುತ್ತದೆ, ಇವರು ಪಟ್ಟ ಪಾಡೆಲ್ಲ ನೀರುಪಾಲಾಗುತ್ತದೆ ಎಂದು ಅಳು ನುಂಗಿ ಐದೂ ಹಾಡು ಮುಗಿಸಿದಳು. ಇಷ್ಟು ಮನಸ್ಸಿಟ್ಟು ಅವಳು ಹಿಂದೆಂದೂ ಹಾಡಿರಲಿಲ್ಲ.

ವೈರು ಸುತ್ತುವಾಗ ಕ್ಷೌರದವನು ತಾನಾಗಿಯೇ ಬಂದು, ಚಳಿಗೆ ಬೆರಳು ಮರಗಟ್ಟಿ ಹಳೇ ಜಾಗಕ್ಕೆ ಹೋಗಿಬಿಟ್ಟವು ಎಂದು ತಪ್ಪೊಪ್ಪಿಕೊಂಡ. ಯಾವ ಹಳೇ ಜಾಗ ಎಂದು ಅವಳು ಕೇಳಿದಳು. ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಒಂದೊಂದಾಗಿ ಬಾಯಿಬಿಟ್ಟ. ಆ ಮಧ್ಯಾಹ್ನ ಅವನು ತನ್ನ ಸ್ಟಾಪು ತಪ್ಪಿಸಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಅಡ್ಡಾಗಿ ನಿದ್ದೆ ಹೊಡೆಯುತ್ತಿದ್ದನಂತೆ. ಹಾಡಿಗೆ ಎಚ್ಚರವಾಗಿ ಮೂರು ಸಲವೂ ಕೇಳಿಸಿತ್ತಂತೆ. ಅಂದಿನಿಂದ ಗಿರಾಕಿ ಇಲ್ಲದಾಗಲೆಲ್ಲ ಅಂಗಡಿಯ ಕನ್ನಡಿಯ ಮುಂದೆ ಬೆರಳು ನೋಡಿಕೊಂಡು ಕಲಿತನಂತೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ, ಅಕ್ಕಾ."

ಅದು ನಿಜ. ಅವಳು ಬರುತ್ತಿರಲಿಲ್ಲ. ಕೈಗವಸನ್ನು ಸುಮ್ಮನೆ ಮಡಿಸುತ್ತ, ಇವತ್ತಿನ ಐದೇನೋ ಆಯಿತು, ಉಳಿದ ಎಂಟು ಹಾಡಿನ ಗತಿ ಏನು ಎಂದಳು.

ಕ್ಷೌರದವನು ತಲೆ ಕೆರೆದುಕೊಂಡ. "ಮೂರು ಕಲ್ತಾಯ್ತು. ಐದು ಬಾಕಿ ಇದೆ. ನನ್ನ ಕೈ ಸ್ವಲ್ಪ ನಿಧಾನ. ಕಾಯ್ತೀರಾ, ಅಕ್ಕಾ?"

"ಕಾಯ್ತೀನಪ್ಪಾ" ಎಂದಳು ಕಂಡಕ್ಟರಮ್ಮ. ಮಡಿಸಿದ ಕೈಗವಸನ್ನು ಅವನ ಕೈಗಿಟ್ಟಳು.