ಬರೇ ಶ್ರುತಿ

ನಾರಾಯಣಗೂಡದ ನಮ್ಮ ಪಕ್ಕದ ಮನೆಯ, ನಾವು ಚಿಕ್ಕಮ್ಮನಂತೆ ಕಾಣುತ್ತಿದ್ದ ಮಾವಶಿ ಹೆಸರಾಂತ ಗಾಯಕಿಯೊಬ್ಬರ ಹಿಂದೆ ಕೂತು ಇಪ್ಪತ್ತು ವರ್ಷ ತಂಬೂರಿ ಮೀಟಿದರು. "ಹಾಡೋರು ಅವ್ರು, ನಾ ಬರೇ ಶ್ರುತಿ ನೋಡವಾ," ಎನ್ನುತ್ತಿದ್ದರು.

ಒಮ್ಮೆ ಭಾವಗೀತೆಯೊಂದರ ತಾರಸ್ವರದಲ್ಲಿ ಗಾಯಕಿಯ ಕಂಠ ಕೈಕೊಟ್ಟಿತು. ಮಾವಶಿ ಹಿಂದಿನಿಂದ ಆ ಸ್ವರ ಎತ್ತಿ ಹಿಡಿದರು. ಚಪ್ಪಾಳೆ ಬಿತ್ತು. ಕಚೇರಿ ಮುಗಿದ ಮೇಲೆ ಗಾಯಕಿ, "ನಾಳಿಂದ ನೀವ ಹಾಡ್ರಿ, ನಾ ತಂಬೂರಿ ಹಿಡೀತೀನಿ," ಎಂದರು. ಮತ್ತೆಂದೂ ಕರೆಯಲಿಲ್ಲ. ಆದರೂ ಮಾವಶಿ ದಿನಾ ತಂತಿ ಒರೆಸಿ ಶ್ರುತಿ ಕೂಡಿಸುತ್ತಿದ್ದರು. "ಕರದ್ರ ತಡ ಆಗಬಾರದವಾ."

ಕಳೆದ ತಿಂಗಳು ಮಾವಶಿಯ ಶ್ರದ್ಧಾಂಜಲಿ ಸಭೆಯಲ್ಲಿ ಆ ಗಾಯಕಿ ಅದೇ ಹಾಡು ಹಾಡಿದರು. ಹಿಂದೆ ಶ್ರುತಿಪೆಟ್ಟಿಗೆ ಮಾತ್ರ ಇತ್ತು. ಅದೇ ಸ್ವರದಲ್ಲಿ ಕಂಠ ಒಡೆಯಿತು. ದುಃಖ ಉಕ್ಕಿತೆಂದುಕೊಂಡು ಸಭೆ ಕಣ್ಣೊರೆಸಿಕೊಂಡಿತು.