ಹಾಯಿಹಡಗು ಹತ್ತಿದ ಮೂವರು ನಾಯಕಿಯರು

ನಮ್ಮ ಕಡೆ ಸಮುದ್ರ ಎಂದರೆ ಭೀಮಸಮುದ್ರ. ಹೊಳಲ್ಕೆರೆಯಿಂದ ಹೊರಟರೆ ಕೆರೆ ನೋಡಿಕೊಂಡು ಊಟದ ಹೊತ್ತಿಗೆ ಮನೆಗೆ ಬರಬಹುದು. ಇಷ್ಟು ಘನವಾದ ಸಮುದ್ರಾನುಭವವಿದ್ದ ನನ್ನನ್ನು, ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದಾಗ, ಕಾಲೇಜಿನಿಂದ ಕೆಲವು ದಿನಗಳ ಮಟ್ಟಿಗೆ ಕೊಚ್ಚಿಯ ತರಬೇತಿ ಹಾಯಿಹಡಗಿಗೆ ಕೆಡೆಟ್ ಆಗಿ ಆರಿಸಿದರು. ಜೊತೆಗೆ ನನ್ನ ಕ್ಲಾಸಿನ ಇನ್ನಿಬ್ಬರು ಹುಡುಗಿಯರು.

ಒಬ್ಬಳು ಹಿರಿಯೂರಿನವಳು. ವಾಣಿವಿಲಾಸ ಸಾಗರ ಡ್ಯಾಮಿನ ದಂಡೆಯಲ್ಲಿ ಬೆಳೆದವಳಾದ್ದರಿಂದ ತಾನು ಹುಟ್ಟು ನಾವಿಕಳೆಂದೇ ಅವಳ ನಂಬಿಕೆ. "ನೀರು ನಂಗೇನು ಹೊಸದಲ್ಲ ಕಣ್ರೇ" ಎಂದು ರೈಲಿನುದ್ದಕ್ಕೂ ಧೈರ್ಯ ಹೇಳಿದಳು. ಇನ್ನೊಬ್ಬಳು ಹೊಸದುರ್ಗದವಳು, ಥ್ರೋಬಾಲ್ ಕ್ಯಾಪ್ಟನ್. ಕ್ಯಾಂಟೀನಿನಲ್ಲಿ ಟೀ ಕುಡಿಯುವುದಕ್ಕೂ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ನಾನೋ, ಮೊಬೈಲಿನಲ್ಲಿ ವಿಡಿಯೋ ನೋಡಿ ಹಗ್ಗಕ್ಕೆ ಹಾಕುವ ಎಲ್ಲ ಗಂಟುಗಳನ್ನೂ ಕಲಿತಿದ್ದ ಪಂಡಿತೆ.

ಹಡಗಿನಲ್ಲಿ ಮೂವರಿಗೂ ಒಂದೇ ಹಗ್ಗ ಕೊಟ್ಟರು. ಎಳೆದರೆ ಹಾಯಿ ಮೇಲೇರಬೇಕು. ಹೊಸದುರ್ಗದವಳು "ಒನ್, ಟೂ" ಎನ್ನುವಷ್ಟರಲ್ಲಿ ಹಿರಿಯೂರಿನವಳು ಎಳೆದುಬಿಟ್ಟಿದ್ದಳು. ನಾನು ಹಗ್ಗ ಹಿಡಿಯುವ ಶಾಸ್ತ್ರೋಕ್ತ ವಿಧಾನವನ್ನು ಇಬ್ಬರಿಗೂ ವಿವರಿಸುತ್ತಿದ್ದೆ. ಹಾಯಿ ಮೊಳದಷ್ಟು ಏರಿ, ನಮ್ಮನ್ನು ನೋಡಿ ಬೇಸರವಾದಂತೆ ಕೆಳಗಿಳಿಯಿತು.

ನಮ್ಮ ತರಬೇತುದಾರರು ಮಾತು ಕಡಿಮೆಯ ಅಧಿಕಾರಿ. "ನಿಮ್ಮಲ್ಲಿ ಲೀಡರ್ ಯಾರು?" ಎಂದು ಹಿಂದಿಯಲ್ಲಿ ಕೇಳಿದರು. ಮೂರು ಕೈ ಮೇಲೆದ್ದವು.

"ಹಾಗಾದರೆ ಹಗ್ಗ ಎಳೆಯುವವರು ಯಾರು?"

ಅದಕ್ಕೆ ಒಂದೂ ಏಳಲಿಲ್ಲ.

ಹಡಗು ದಡ ಬಿಟ್ಟು ಹೊಯ್ದಾಡತೊಡಗಿದಾಗ ಹುಟ್ಟು ನಾವಿಕಳೇ ಮೊದಲು ವಾಂತಿ ಮಾಡಿಕೊಂಡಳು. "ಡ್ಯಾಮ್ ಹಿಂಗೆ ಅಲ್ಲಾಡ್ತಿರ್ಲಿಲ್ಲ ಕಣೇ" ಎಂದು ಅತ್ತಳು. ಅವಳ ಜಡೆ ಹಿಡಿದುಕೊಂಡಿದ್ದ ಥ್ರೋಬಾಲ್ ಕ್ಯಾಪ್ಟನ್ ತಾನೂ ವಾಂತಿ ಮಾಡಿದಳು. ಇಬ್ಬರ ಬೆಲ್ಟನ್ನೂ ಹಿಡಿದುಕೊಂಡಿದ್ದ ನನ್ನ ಸರದಿಯೂ ಬಂತು. ಮೂವರೂ ಸೇರಿ ಯಶಸ್ವಿಯಾಗಿ ನೆರವೇರಿಸಿದ ಮೊದಲ ಕಾರ್ಯಕ್ರಮ ಅದು.

ಮಾರನೆಯ ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ಹಾಯಿ ಬಡಿದುಕೊಂಡು, ನಮ್ಮ ಹಗ್ಗ ಜರ್ರನೆ ಜಾರತೊಡಗಿತು. ಮುಂದೆ ನಿಂತಿದ್ದ ಹೊಸದುರ್ಗದವಳು ಕೈಬಿಡಲಿಲ್ಲ. ಎರಡೂ ಅಂಗೈಗಳ ಚರ್ಮ ಸುಲಿದುಹೋಯಿತು.

"ಬಿಡಬ್ಯಾಡ್ರೇ!" ಎಂದು ಕಿರುಚಿದಳು.

ನಾನು ಕಾಲು ಊರಿ ಅವಳ ಹಿಂದೆ ಹಗ್ಗ ಹಿಡಿದೆ. ನನ್ನ ಹಿಂದೆ ಹಿರಿಯೂರಿನವಳು, ಮುಖ ಸುಣ್ಣದಂತೆ ಬಿಳಿಚಿದ್ದರೂ, ಇಡೀ ಮೈಭಾರ ಹಾಕಿ ಜೋತುಬಿದ್ದಳು. "ಒನ್, ಟೂ" ಎಂದು ಯಾರೂ ಎಣಿಸಲಿಲ್ಲ. ಮುಂದಿದ್ದವಳ ಭುಜ ಹಿಂದಕ್ಕೆ ಬಂದಾಗ ನಾವೂ ಹಿಂದಕ್ಕೆ ಬಾಗಿದೆವು, ಮತ್ತೆ ಬಾಗಿದೆವು. ನನಗೆ ನಿಜಕ್ಕೂ ಭಯವಾಗಿತ್ತು; ಬೆನ್ನಿಗೆ ತಾಗುತ್ತಿದ್ದ ಹಿಂದಿನವಳ ಬಿಸಿಯುಸಿರೊಂದೇ ಧೈರ್ಯ. ಹಗ್ಗ ನಿಂತಿತು. ಯಾರೋ ಓಡಿಬಂದು ಅದನ್ನು ಗೂಟಕ್ಕೆ ಸುತ್ತಿದರು.

ಪದಕವಲ್ಲದಿದ್ದರೂ ಒಂದು ಭಾಷಣವನ್ನಾದರೂ ನಿರೀಕ್ಷಿಸಿದ್ದೆವು. ಅಧಿಕಾರಿ ಗಾಯಕ್ಕೆ ಬ್ಯಾಂಡೇಜ್ ಕಟ್ಟಿಸಿ, "ಉಳಿದ ಹಗ್ಗ ಸುತ್ತಿಡಿ" ಎಂದು ಹೊರಟುಹೋದರು.

ರಾತ್ರಿ ಊಟಕ್ಕೆ ಹೊಸದುರ್ಗದವಳಿಗೆ ನಾವೇ ತುತ್ತು ಕೊಟ್ಟೆವು. ಕೃತಜ್ಞತೆ ಹರಿದುಬಂದದ್ದು ಹೀಗೆ: "ಲೇ, ಸಣ್ಣ ತುತ್ತು ಮಾಡೇ, ನಾನೇನು ಎಮ್ಮೆನಾ?"

ವಾಪಸು ಬರುವಾಗ ಬೆಂಗಳೂರಿನಿಂದ ಬಸ್ಸು ಹಿಡಿದೆವು. ಹಿರಿಯೂರು ಬಂತು. "ಈ ಕೈಲಿ ಹೊಸದುರ್ಗದ ಬಸ್ ಹೆಂಗೆ ಹತ್ತೀಯೇ? ಎಲ್ರೂ ನಮ್ಮನೆಗೆ ಹೋಗಾಣ, ಅಮ್ಮ ಮುದ್ದೆ ಮಾಡಿರ್ತಾಳೆ" ಎಂದಳು ಆ ಊರಿನವಳು. ನಾನೂ ಇಳಿದೆ.

"ಏನಮ್ಮ, ನಿಂದು ಚಿತ್ರದುರ್ಗಕ್ಕೆ ಟಿಕೆಟ್ ಐತಲ್ಲ?" ಎಂದರು ಕಂಡಕ್ಟರ್.

"ಇರ್ಲಿ ಬಿಡ್ರಿ ಅಣ್ಣ" ಎಂದೆ.

ಬಸ್ಸು ಹೋಯಿತು. ಗಾಯಗೊಂಡವಳ ಬ್ಯಾಗನ್ನು ಯಾರು ಹೊರಬೇಕೆಂದು ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಅವಳು ಬ್ಯಾಂಡೇಜಿನ ಎರಡೂ ಕೈ ಬೀಸುತ್ತಾ, ಯಾವ ಹಿಡಿಯನ್ನು ಯಾರು ಹಿಡಿಯಬೇಕೆಂದು ಆಜ್ಞಾಪಿಸುತ್ತಿದ್ದಳು.