ಕುಂಡದೊಳಗಿನ ಚಡ್ಡಿ

ನನ್ನ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಚಡ್ಡಿ ಇನ್‌ಸ್ಪೆಕ್ಟರ್. ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಅವಳ ಕೆಲಸವೇ ಅದು. ರಾಸಾಯನಿಕ ಸೋಕಿಸದೆ ಬೆಳೆದ ಹತ್ತಿ ಎಂದು ಹೇಳಿಕೊಂಡು ಒಳಉಡುಪು ಮಾರುವ ಕಂಪನಿಗಳು ನಿಜ ಹೇಳುತ್ತಿವೆಯೋ, ಜನರ ಕಿವಿಗೆ ಹೂವಿಡುತ್ತಿವೆಯೋ ಎಂದು ಪರೀಕ್ಷಿಸುವುದು. ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ, ಒಂದು ಚಡ್ಡಿಗೆ ಎಷ್ಟು ಕೊಡ ನೀರು ಬೇಕಾಯಿತು, ಡಬ್ಬದಲ್ಲಿ ಪ್ಲಾಸ್ಟಿಕ್ ಇದೆಯೇ, ಎಲ್ಲ ಕೇಳುತ್ತಾಳೆ. ಹೇಳಿದ್ದನ್ನು ನಂಬುವುದಿಲ್ಲ, ಹೋಗಿ ನೋಡುತ್ತಾಳೆ. ಮದುವೆಯಾದ ಹೊಸದರಲ್ಲೇ ನನ್ನ ಅಂಗಿಯ ಕಾಲರ್ ತಿರುವಿ ಲೇಬಲ್ ಓದಿದವಳು!

ಕೊನೆಯ ಪರೀಕ್ಷೆ ಮಾತ್ರ ನಮ್ಮ ಮನೆಯಲ್ಲೇ. ಬಾಲ್ಕನಿಯ ಕುಂಡದಲ್ಲಿ ಚಡ್ಡಿ ಹೂತು ಎರಡು ತಿಂಗಳ ಮೇಲೆ ಅಗೆಯುತ್ತಾಳೆ. ಹತ್ತಿಯಾದರೆ ಮಣ್ಣಿನಲ್ಲಿ ಕರಗಬೇಕು.

ಈ ಸಲ ಬಂದದ್ದು ಒಂದು ಸಣ್ಣ ಕಂಪನಿಯದು. ಎಲಾಸ್ಟಿಕ್ ಇಲ್ಲ, ಸೊಂಟಕ್ಕೆ ಲಾಡಿ. ‘ದಾರವೂ ಹತ್ತಿಯದೇ’ ಎಂದು ಡಬ್ಬದ ಮೇಲೆ ಅಚ್ಚು. ಅದರ ಯಜಮಾನಿ ಆರು ಮೆಷಿನ್ ಇಟ್ಟುಕೊಂಡು ಒಂಬತ್ತು ಹೆಂಗಸರಿಗೆ ಕೆಲಸ ಕೊಟ್ಟಾಕೆ. ನನ್ನವಳು ಸಹಿ ಹಾಕಿದರೆ ಪರಿಸರಸ್ನೇಹಿ ಎಂಬ ಮುದ್ರೆ ಸಿಗುತ್ತದೆ. ಇಲ್ಲದಿದ್ದರೆ ಆಕೆ ಬಾಗಿಲು ಹಾಕಬೇಕು.

ಎರಡು ತಿಂಗಳಾದ ಮೇಲೆ ಕುಂಡ ಬಗ್ಗಿಸಿದೆವು. ಬಟ್ಟೆಯೆಲ್ಲ ಪುಡಿಪುಡಿ. ಆದರೆ ನಡುವೆ ಮೂರು ಬೆರಳುದ್ದದ ಬಿಳಿ ಹೊಲಿಗೆಯೊಂದು ಕೂದಲು ಕೊಂಕದೆ ಕೂತಿತ್ತು.

“ಪಾಲಿಯೆಸ್ಟರ್,” ಎಂದಳು. “ಎಷ್ಟು ನಂಬಿದ್ದೆ ಕಣ್ರೀ ಆ ಹೆಂಗಸನ್ನ! ದಾರ ಬೆರೆಸಿದಾರೆ.” ಸಿಟ್ಟಿಗೆ ಅಳುವುದೊಂದೇ ಬಾಕಿ. ಕೈ ತೊಳೆದು ವರದಿ ಬರೆಯಲು ಕೂತೇಬಿಟ್ಟಳು.

ನಾನು ಆ ದಾರವನ್ನು ಬೆಳಕಿಗೆ ಹಿಡಿದೆ. ನಾನು ಟೈಲರ್, ನಮ್ಮ ಮುಂದಿನ ಕೋಣೆಯೇ ಅಂಗಡಿ. ತುದಿಗಳಲ್ಲಿ ಹಿಂದಕ್ಕೂ ಮುಂದಕ್ಕೂ ಮೂರು ಸಲ ಓಡಿಸಿ ಗಟ್ಟಿ ಮಾಡಿದ ಆ ಹೊಲಿಗೆ ಯಾರದೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಎರಡು ತಿಂಗಳ ಹಿಂದೆ ಆ ಚಡ್ಡಿ ಇಸ್ತ್ರಿ ಮೇಜಿನ ಮೇಲಿತ್ತು, ಅದರ ಪಕ್ಕದ ಹೊಲಿಗೆ ಬಿಟ್ಟಿತ್ತು. ಬಿಟ್ಟ ಹೊಲಿಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೆಷಿನ್ನಿಗೆ ಏರಿಸಿದ್ದ ಪಾಲಿಯೆಸ್ಟರ್ ದಾರದಲ್ಲೇ ಹೊಲಿಗೆ ಎಳೆದು, ಇಟ್ಟು, ಮರೆತೇಬಿಟ್ಟಿದ್ದೆ.

ಬಾಯಿಬಿಟ್ಟರೆ ಮನೆಯಲ್ಲಿ ಯುದ್ಧ. ಬಿಡದಿದ್ದರೆ ಒಂಬತ್ತು ಮನೆಗಳ ಒಲೆ ಆರುತ್ತದೆ.

“ಇವ್ಳೇ, ಆ ವರದಿ ಕಳಿಸ್ಬೇಡ. ಆ ಹೊಲಿಗೆ ನಂದು.”

ಎಲ್ಲ ಕೇಳಿದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

“ಹೊಸ ಚಡ್ಡಿ ಹೊಲಿಗೆ ಬಿಟ್ಟಿತ್ತಾ? ಆವತ್ತೇ ಹೇಳೋಕೇನಾಗಿತ್ತು ನಿಮಗೆ? ಎರಡು ಸಲ ಹಾಕ್ಕೊಂಡು ಬಿಸಾಕೋ ಚಡ್ಡಿ ಮಣ್ಣಲ್ಲಿ ಕರಗಿದ್ರೆಷ್ಟು, ಬಿಟ್ರೆಷ್ಟು!”

ಹೌದಲ್ಲ! ಮಾಡದ ತಪ್ಪನ್ನು ಕಂಪನಿಯ ತಲೆಗೆ ಕಟ್ಟಿದ ನನ್ನ ಹೊಲಿಗೆ, ಮಾಡಿದ ತಪ್ಪನ್ನು ಮುಚ್ಚಿಹಾಕಿತ್ತು.

ಅವಳು ಫೋನ್ ಎತ್ತಿಕೊಂಡಳು. ಗಂಡನ ಮಾನ ಹರಾಜಾಯಿತು ಎಂದುಕೊಂಡೆ.

“ಮೇಡಂ, ಪರೀಕ್ಷೆ ಕೆಟ್ಟಿದೆ. ಹೂಳೋ ಮುಂಚೆ ನಾನು ಸರಿಯಾಗಿ ನೋಡ್ಲಿಲ್ಲ, ತಪ್ಪು ನಂದು. ಇನ್ನೊಂದು ಕಳಿಸಿ. ಆದ್ರೆ ನಿಮ್ಮ ಹೊಲಿಗೆ ತುದಿ ಬಿಡ್ತಿದೆ, ಅದನ್ನ ಗಟ್ಟಿ ಮಾಡ್ಲೇಬೇಕು. ಹೇಗೆ ಅಂತ ನಮ್ಮ ಯಜಮಾನ್ರು ತೋರಿಸ್ಕೊಡ್ತಾರೆ.”

ನನ್ನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನವೇ ಯಜಮಾನಿ ತಮ್ಮ ಇಬ್ಬರು ಕೆಲಸದವರೊಂದಿಗೆ ಬಂದರು. ಹತ್ತಿ ದಾರದಲ್ಲೇ ತುದಿ ಗಟ್ಟಿ ಮಾಡುವುದನ್ನು ತೋರಿಸಿಕೊಟ್ಟೆ. ಹಾಗೆ ಹೊಲಿದ ಹೊಸ ಚಡ್ಡಿಯನ್ನು ನನ್ನವಳು ನಲವತ್ತು ಸಲ ಒಗೆದು, ಹಿಂಡಿ, ಎಳೆದು ನೋಡಿ ಆಮೇಲೆ ಹೂತಳು. ಅದು ಕುಂಡ ಸೇರುವ ತನಕ ನನ್ನನ್ನು ಅದರ ಹತ್ತಿರ ಬಿಡಲಿಲ್ಲ.

ಅಗೆಯುವ ದಿನ ಯಜಮಾನಿ ತಾವೇ ಬಂದು ಬಾಲ್ಕನಿಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತರು. ನನ್ನವಳು ಮಣ್ಣನ್ನು ಜರಡಿ ಹಿಡಿದಳು, ಇನ್ನೊಮ್ಮೆ ಹಿಡಿದಳು, ಬೆರಳಲ್ಲಿ ಕೆದಕಿದಳು. ಅವಳ ಕೈಯೆಲ್ಲ ಮಣ್ಣು, ಹಾಗಾಗಿ ಪೆನ್ನು ನನ್ನ ಕೈಗೆ ಬಂತು.

“ಬರ್ಕೊಳ್ಳಿ,” ಎಂದಳು ನಗುತ್ತ. “ಏನೂ ಉಳಿದಿಲ್ಲ.”

ಯಜಮಾನಿ ಹೊಸ್ತಿಲ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮೊದಲು ಅತ್ತರು, ಆಮೇಲೆ ನಕ್ಕರು.